ವಿಯೆನ್ನಾದ ಗ್ಯಾಸು, ವಿಜಯನಗರದ ಅಡ್ವಾನ್ಸು

2024ರ ನವೆಂಬರ್ 16, ಶನಿವಾರ. ಬೆಳಿಗ್ಗೆ ಎದ್ದವಳೇ ಅಡುಗೆಮನೆಗೆ ಹೋಗಿ ಥೆರ್ಮೆ ನೋಡಿದೆ. ವಿಯೆನ್ನಾದ ಹಳೇ ಮನೆಗಳಲ್ಲಿ ಗೋಡೆಗೆ ನೇತುಹಾಕಿರುವ ಬಿಳಿ ಡಬ್ಬ ಇದು. ನಮ್ಮ ಗ್ಯಾಸ್ ಗೀಸರ್ ಥರಾನೇ, ಆದರೆ ಸ್ನಾನದ ನೀರಿನ ಜೊತೆ ಇಡೀ ಮನೆಯನ್ನೂ ಇದೇ ಬೆಚ್ಚಗಿಡಬೇಕು. ಕೆಳಗಿನ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಕಡಲೆಬೇಳೆಯಷ್ಟು ನೀಲಿ ಉರಿ. ಇತ್ತು. ಬಿಸಿನೀರಿನ ನಲ್ಲಿ ತಿರುಗಿಸಿದೆ, ಭುಸ್ ಅಂತ ಹೊತ್ತಿಕೊಂಡಿತು.

ಅವತ್ತು ಬೆಳಿಗ್ಗೆ ಆರು ಗಂಟೆಗೆ ರಷ್ಯಾದ ಗಾಜ್‌ಪ್ರಾಮ್, ಆಸ್ಟ್ರಿಯಾದ ಓಎಂವಿ ಕಂಪನಿಗೆ ಗ್ಯಾಸ್ ಕೊಡುವುದನ್ನು ನಿಲ್ಲಿಸಿತ್ತು. ಹಾಸನದಿಂದ ಅಮ್ಮನ ಫೋನ್. "ಯುದ್ಧ ನಿಮ್ಮ ಕಡೆಗೂ ಬಂತೇನೇ?"

"ಇಲ್ಲಮ್ಮ, ಇದು ಬಾಡಿಗೆ ಜಗಳ" ಅಂದೆ.

ತಮಾಷೆಗೆ ಹೇಳಿದ್ದಲ್ಲ. ಹಿಂದೆ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದಾಗ ಓನರ್ ಅಡ್ವಾನ್ಸ್ ವಾಪಸ್ ಕೊಡುವ ಲಕ್ಷಣ ಕಾಣಲಿಲ್ಲ. ಕೊನೆಯ ಮೂರು ತಿಂಗಳು ಬಾಡಿಗೆ ಕೊಡದೆ, "ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಅಂದುಬಿಟ್ಟೆವು. ಮಾರನೇ ದಿನವೇ ನೀರಿನ ವಾಲ್ವ್ ಬಂದ್! ಇಲ್ಲಿ ನಡೆದದ್ದೂ ಅದೇ. ಓಎಂವಿಯ ಜರ್ಮನಿ ಕಡೆಯ ಸರಬರಾಜನ್ನು ಗಾಜ್‌ಪ್ರಾಮ್ 2022ರಲ್ಲಿ ಏರುಪೇರು ಮಾಡಿ, ಸೆಪ್ಟೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿತ್ತು. ಕೇಸು ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಯಿತು. 2024ರ ನವೆಂಬರ್ 13ರಂದು ಓಎಂವಿಗೆ 23 ಕೋಟಿ ಯೂರೊ ಕೊಡಬೇಕೆಂದು ತೀರ್ಪು ಬಂತು. ರಷ್ಯಾಕ್ಕೆ ಹೋಗಿ ವಸೂಲಿ ಮಾಡೋದು ಆಗದ ಮಾತು. ಆದರೆ ಆಸ್ಟ್ರಿಯಾಕ್ಕೆ ಬರುವ ಗ್ಯಾಸ್‌ಗೆ ಗಾಜ್‌ಪ್ರಾಮ್‌ಗೆ ದುಡ್ಡು ಕೊಡುತ್ತಿದ್ದದ್ದು ಓಎಂವಿಯೇ ಅಲ್ವಾ? ಅದರಲ್ಲಿ ಮುರಿದುಕೊಳ್ಳುತ್ತೇವೆ ಅಂತ ಹೇಳಿತು. ಮೂರೇ ದಿನಕ್ಕೆ ವಾಲ್ವ್ ಬಂದ್.

ನನಗೆ ಆಶ್ಚರ್ಯವಾದದ್ದು ಈ ನಂಟು ಎಷ್ಟು ಹಳೆಯದು ಅನ್ನೋದು. ಸೋವಿಯತ್ ಗ್ಯಾಸ್‌ಗೆ ಸಹಿ ಹಾಕಿದ ಮೊದಲ ಪಶ್ಚಿಮ ಯುರೋಪ್ ದೇಶ ಆಸ್ಟ್ರಿಯಾ, 1968ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದವು. ಹತ್ತೇ ದಿನ ಕಳೆದು, ಸೆಪ್ಟೆಂಬರ್ 1ಕ್ಕೆ, ಅದೇ ಚೆಕೊಸ್ಲೊವಾಕಿಯಾ ದಾಟಿ ಗಡಿಯ ಬಾಮ್‌ಗಾರ್ಟನ್‌ಗೆ ಗ್ಯಾಸ್ ಬಂತು! ನಮ್ಮ ಮಹಡಿಯಲ್ಲೇ ಇರುವ ಅಜ್ಜಿಯೊಬ್ಬರು, "ಟ್ಯಾಂಕ್ ಬಂದಾಗಲೂ ನಿಲ್ಲದ್ದು ಈಗ ನಿಂತೀತಾ?" ಅಂತ ಧೈರ್ಯವಾಗಿದ್ದರು. 2018ರ ಜೂನ್‌ನಲ್ಲಿ ಪುಟಿನ್ ವಿಯೆನ್ನಾಕ್ಕೆ ಬಂದಾಗ ಒಪ್ಪಂದವನ್ನು 2040ರವರೆಗೆ ಎಳೆದರು. ಆಗಸ್ಟ್‌ನಲ್ಲಿ ಮತ್ತೆ ಬಂದು ಇಲ್ಲಿನ ವಿದೇಶಾಂಗ ಸಚಿವೆಯ ಮದುವೆಯಲ್ಲಿ ಆಕೆಯ ಜೊತೆ ಕುಣಿದೂ ಹೋದರು. ಯುದ್ಧ ಶುರುವಾಗಿ ಎರಡೂವರೆ ವರ್ಷ ಆದಮೇಲೂ ಆಸ್ಟ್ರಿಯಾ ತರಿಸುತ್ತಿದ್ದ ಗ್ಯಾಸ್‌ನಲ್ಲಿ ಮುಕ್ಕಾಲಿಗಿಂತ ಜಾಸ್ತಿ ರಷ್ಯಾದ್ದೇ.

ನಿಂತಾಗ ಚಳಿಗೇನೂ ನಾವು ನಡುಗಲಿಲ್ಲ. ನೆಲದಡಿಯ ಸಂಗ್ರಹ ಶೇ 90ಕ್ಕಿಂತ ಜಾಸ್ತಿ ತುಂಬಿತ್ತು. ಇನ್ನೊಂದು ತಮಾಷೆ, ಉಕ್ರೇನ್ ದಾಟಿ ಬರುವ ರಷ್ಯಾದ ಗ್ಯಾಸ್ ಆಮೇಲೂ ಬರುತ್ತಲೇ ಇತ್ತು. ಓಎಂವಿ ಬಿಟ್ಟದ್ದನ್ನು ಬೇರೆಯವರು ಕೊಂಡರು. ಅದೂ ನಿಂತದ್ದು 2025ರ ಜನವರಿ 1ಕ್ಕೆ, ಉಕ್ರೇನ್ ಸಾಗಣೆ ಒಪ್ಪಂದ ಮುಗಿದಾಗ. ಅಷ್ಟರಲ್ಲಿ ಓಎಂವಿ 2040ರವರೆಗಿನ ಕಾಗದವನ್ನೇ ರದ್ದು ಮಾಡಿತ್ತು.

ಆದರೆ ಈ ಮುರಿದುಕೊಳ್ಳುವ ಆಟ ಎರಡೂ ಕಡೆಯವರಿಗೆ ಬರುತ್ತದೆ. ಇಲ್ಲಿನ ರೈಫೈಸನ್ ಬ್ಯಾಂಕಿಗೆ ರಷ್ಯಾದಲ್ಲೂ ದೊಡ್ಡ ಬ್ಯಾಂಕ್ ಇದೆ. ಅಲ್ಲಿ ಮಾಡಿದ ಲಾಭ ಅಲ್ಲೇ ಸಿಕ್ಕಿಕೊಂಡಿದೆ. ರಾಸ್ಪೆರಿಯಾ ಅನ್ನೋ ರಷ್ಯನ್ ಕಂಪನಿಗೆ ಸ್ಟ್ರಾಬಾಗ್ ಎಂಬ ಆಸ್ಟ್ರಿಯಾದ ಕಟ್ಟಡ ಕಂಪನಿಯಲ್ಲಿ ಷೇರುಗಳಿದ್ದವು. ಯುರೋಪಿನ ನಿರ್ಬಂಧದಿಂದ ಅವು ಫ್ರೀಜ್ ಆದವು. ರಾಸ್ಪೆರಿಯಾ ಕಲಿನಿನ್‌ಗ್ರಾದ್ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ ಆ ಕೋರ್ಟು, ರೈಫೈಸನ್‌ನ ರಷ್ಯಾದ ಬ್ಯಾಂಕು ಸುಮಾರು 200 ಕೋಟಿ ಯೂರೊ ಕಟ್ಟಬೇಕು ಅಂದಿತು. ಫ್ರೀಜ್ ಮಾಡಿದ್ದು ಬ್ಯಾಂಕಲ್ಲ. ದುಡ್ಡು ಕೈಗೆಟುಕುವ ಜಾಗದಲ್ಲಿತ್ತು, ಅಷ್ಟೇ. ಏಪ್ರಿಲ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಇದನ್ನೂ ಫೋನಲ್ಲಿ ಅಮ್ಮನಿಗೆ ಹೇಳಿದೆ. "ಅಂದ್ರೆ ಅಡ್ವಾನ್ಸ್ ಓನರ್ ಹತ್ರ ಇತ್ತು" ಅಂದರು ಅಮ್ಮ. ಈ ಹೋಲಿಕೆ ನನಗೇ ಹೊಳೆದಿರಲಿಲ್ಲ!

ಆಮೇಲೆ ಜರ್ಮನಿಯ ಯೂನಿಪರ್ ಅನ್ನೋ ಗ್ಯಾಸ್ ಕಂಪನಿಯ ಕಥೆ ಹೇಳಿದೆ. 2024ರ ಜೂನ್‌ನಲ್ಲಿ ಅವರಿಗೂ ಮಧ್ಯಸ್ಥಿಕೆಯಲ್ಲಿ ಗೆಲುವು ಸಿಕ್ಕಿತ್ತು. ಓಎಂವಿಯ ಹಾಗೆ 23 ಕೋಟಿಯಲ್ಲ, 1,300 ಕೋಟಿ ಯೂರೊಗೂ ಜಾಸ್ತಿ. ಆದರೆ ಅವರಿಗೆ ಗ್ಯಾಸ್ ಬರೋದು 2022ರಲ್ಲೇ ನಿಂತಿದ್ದರಿಂದ ಮುರಿದುಕೊಳ್ಳೋಕೆ ಬಿಲ್ಲೇ ಇರಲಿಲ್ಲ.

ಅಮ್ಮ ಒಂದು ನಿಮಿಷ ಸುಮ್ಮನಿದ್ದರು. "ಅಯ್ಯೋ ಪಾಪ, ಮೊದ್ಲೇ ಮನೆ ಖಾಲಿ ಮಾಡ್ಬಿಟ್ಟಿದ್ರಲ್ಲೇ" ಅಂದರು.