ಹನ್ನೆರಡು ಡಿಸ್ಕು, ಒಂದು ಕೇಬಲ್

ಧಾರವಾಡ, 18 ಜೂನ್ 2024, ಮಂಗಳವಾರ

ಚಾವಣಿ ಸೋರುತ್ತದೆಂದು ನಿನ್ನೆ ಸಂಜೆ ಸರ್ವರ್ ಕೋಣೆಯ ರ‍್ಯಾಕನ್ನು ಗೋಡೆಯಿಂದ ಈಚೆಗೆ ಎಳೆಸಿದ್ದರು. ರಾತ್ರಿ ಮಳೆ ಜೋರು, ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಮುಗಿಯಿತು. ಬೆಳಿಗ್ಗೆ ಸರ್ವರ್ ತಾನಾಗಿ ಎದ್ದು ಕೂತಿತ್ತು. ನಮ್ಮ ಧ್ವನಿಮುದ್ರಣಗಳೆಲ್ಲ ಇರುವ, ಹನ್ನೆರಡು ಡಿಸ್ಕಿನ ಹೊರಗಿನ ಪೆಟ್ಟಿಗೆ ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ. ಎಲ್‌ಎಸ್‌ಬಿಎಲ್‌ಕೆ ಎಂದು ಡಿಸ್ಕುಗಳ ಪಟ್ಟಿ ತೋರಿಸುವ ಕಮಾಂಡ್ ಹೊಡೆದರೆ ಒಳಗಿನ ಎರಡು ಎಸ್‌ಎಸ್‌ಡಿ, ಅಷ್ಟೇ.

ಹೊಸದಾಗಿ ಸೇರಿದ ಹುಡುಗಿ ಗಾಬರಿಯಾಗಿದ್ದಳು. "ಅಕ್ಕಾರ, ಓಎಸ್ ಮತ್ತೊಮ್ಮೆ ಹಾಕೂಣೇನ್ರೀ?" ಬೇಡ ಅಂದೆ. ಏನೂ ಹಾಕಬೇಡ, ಏನೂ ಅಳಿಸಬೇಡ, ಡಿಸ್ಕ್ ಒಂದನ್ನೂ ಎಳೆಯಬೇಡ. ಹನ್ನೆರಡು ಡಿಸ್ಕು ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ. ಹನ್ನೆರಡೂ ಒಟ್ಟಿಗೆ ಕಾಣೆಯಾಗಿವೆ ಎಂದರೆ ಹನ್ನೆರಡಕ್ಕೂ ಸೇರಿದ ಒಂದು ವಸ್ತು ಕೈಕೊಟ್ಟಿದೆ: ವಿದ್ಯುತ್, ಕೇಬಲ್, ಕಾರ್ಡ್, ಇಲ್ಲವೇ ಪೆಟ್ಟಿಗೆಯ ಹಿಂದಿನ ಮಾಡ್ಯೂಲ್. ಇಷ್ಟನ್ನು ಅವಳಿಗೆ ಸಮಾಧಾನವಾಗಿ ಹೇಳಿದೆ. ಹೇಳುವಾಗ ನನ್ನ ಬೆರಳುಗಳು ತಣ್ಣಗಿದ್ದವು.

ಅಷ್ಟರಲ್ಲೇ ಮಾಸ್ತರರು ಬಂದರು. ಕೊಡೆಯಿಂದ ನೀರು ಇಳಿಯುತ್ತಿತ್ತು. ನವಲಗುಂದದ ಮುದುಕಿ ಹಾಡಿದ ಬೀಸುವ ಕಲ್ಲಿನ ಪದ ಕೇಳಬೇಕಿತ್ತಂತೆ, ಯಾವುದೋ ಲೇಖನಕ್ಕೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಾ ಹೋತೇನವಾ?"

"ಹೋಗಿಲ್ರಿ ಸರ್. ಡಿಸ್ಕಿನ್ಯಾಗ ಐತ್ರಿ. ಸರ್ವರ್ ಅದನ್ನ ಮುಟ್ಟಾಕ ಆಗವಲ್ದು."

"ಬಾವ್ಯಾಗ ನೀರೈತಿ, ಹಗ್ಗ ಹರದೈತಿ ಅಂದಂಗಾತು."

"ಹೌದ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಪದಾ ಎಲ್ಲಾ ಬರಕೊಂಡೀನಿ. ನೋಟ್‌ಬುಕ್ ಮನ್ಯಾಗ ಅದಾವು. ಧಾಟಿ ಎಲ್ಲೆ ಬರಕೊಳ್ಳಲಿ? ಆಕಿ ಹ್ವಾದಳು, ಬೀಸುಕಲ್ಲೂ ಹ್ವಾದುವು. ಕ್ಯಾಸೆಟ್ಟಿಗೆ ಬೂಷ್ಟು ಹಿಡೀತು ಅಂತನ ನಿಮ್ಮ ಕಡೆ ತಂದು ಕೊಟ್ಟಿದ್ದು" ಅಂದರು.

ಆ ಕ್ಯಾಸೆಟ್ಟುಗಳನ್ನು ಇಳಿಸಿಕೊಂಡವರು ನಾವೇ. 24 ಬಿಟ್, 96 ಕಿಲೋಹರ್ಟ್ಸ್, ಸ್ಟೀರಿಯೋ. ಒಂದು ಗಂಟೆಯ ಹಾಡಿಗೆ 2 ಜಿಬಿಗೂ ಮಿಕ್ಕಿ ಜಾಗ ಬೇಕು. ಎಂಪಿ3 ಮಾಡಿಟ್ಟರೆ ಸಾಲದೇ ಎಂದು ಲೆಕ್ಕಪತ್ರದವರು ಕೇಳುತ್ತಲೇ ಇರುತ್ತಾರೆ. ಸಾಲದು. ಕಲ್ಲು ತಿರುಗುವ ಸದ್ದು, ಬಳೆ ಸದ್ದು, ಅವಳು ಉಸಿರು ಎಳೆದುಕೊಳ್ಳುವ ಜಾಗ, ಎಲ್ಲ ಬೇಕು. ಕೆಲವು ಟೇಪುಗಳು ಇನ್ನೊಂದು ಸಲ ಓಡುವ ಸ್ಥಿತಿಯಲ್ಲಿಲ್ಲ. ಈ ಪೆಟ್ಟಿಗೆಯಲ್ಲಿರುವುದೇ ಈಗ ಮೂಲ.

ಕೆಲಸಕ್ಕೆ ಕೂತೆ. ಪೆಟ್ಟಿಗೆಯ ಫ್ಯಾನ್ ತಿರುಗುತ್ತಿದೆ, ಎರಡೂ ಪವರ್ ಸಪ್ಲೈ ಹಸಿರು, ಡಿಸ್ಕುಗಳ ದೀಪವೂ ಹಸಿರು. ಅಂದರೆ ವಿದ್ಯುತ್ತಿನ ದೋಷವಲ್ಲ. ಎಲ್‌ಎಸ್‌ಪಿಸಿಐನಲ್ಲಿ (ಸರ್ವರಿನ ಕಾರ್ಡುಗಳ ಪಟ್ಟಿ) ಪೆಟ್ಟಿಗೆಯನ್ನು ಜೋಡಿಸುವ ಸಾಸ್ ಕಾರ್ಡ್ ಇದೆ, ಡಿಮೆಸೆಜ್ ಎಂಬ ಸಿಸ್ಟಂ ದಾಖಲೆ ನೋಡಿದರೆ ಡ್ರೈವರ್ ಕೂಡ ತಕರಾರಿಲ್ಲದೆ ಎದ್ದಿದೆ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆ, ಏನೂ ಬರಲಿಲ್ಲ. ಕೊನೆಗೆ ಕಾರ್ಡಿಗೂ ಪೆಟ್ಟಿಗೆಗೂ ನಡುವಿನ ಲಿಂಕಿನ ವೇಗ ನೋಡಿದೆ. ಸರಿಯಿದ್ದ ದಿನ ಕೇಬಲ್ಲಿನ ನಾಲ್ಕು ಲೇನಿನಲ್ಲೂ, ಅಂದರೆ ಡೇಟಾ ಓಡುವ ನಾಲ್ಕು ದಾರಿಯಲ್ಲೂ, 12.0 ಗಿಗಾಬಿಟ್ ಎಂದಿರುತ್ತದೆ. ಇವತ್ತು ಎಲ್ಲದರಲ್ಲೂ 'ಅನ್‌ನೋನ್'. ಅದನ್ನು ನೋಡಿದ ಮೇಲೆ ನಿಜಕ್ಕೂ ಜೀವ ಬಂತು. ತಂತಿಯಲ್ಲೇ ಮಾತುಕತೆ ಇಲ್ಲದಾಗ ಫೈಲ್‌ಸಿಸ್ಟಂ, ಡಿಸ್ಕುಗಳೆಲ್ಲ ಸೇರಿ ಆದ ಪೂಲ್, ಪಾರ್ಟಿಶನ್ ಎಂದು ಮೇಲೆ ಕೆದಕುವುದರಲ್ಲಿ ಅರ್ಥವಿಲ್ಲ. ಗಾಬರಿಯಲ್ಲಿ ಜನ ಕೆದಕುವುದು ಮಾತ್ರ ಅಲ್ಲೇ, ಡೇಟಾ ಹೋಗುವುದೂ ಅಲ್ಲೇ.

ರ‍್ಯಾಕ್ ಹಿಂದೆ ಹೋಗಿ ಟಾರ್ಚ್ ಹಿಡಿದರೆ, ಎಳೆದ ರಭಸಕ್ಕೆ ಕೇಬಲ್ ಬಿಗಿಯಾಗಿ ಬಾಗಿ ನಿಂತಿತ್ತು. ಕನೆಕ್ಟರ್ ಕೂತಂತೆ ಕಾಣುತ್ತದೆ, ಮುಟ್ಟಿದರೆ ಅಲ್ಲಾಡುತ್ತದೆ. ಒತ್ತಿ ಕೂಡಿಸಿದರೂ ಲಿಂಕ್ ಬರಲಿಲ್ಲ. ಬಾಗಿದ ಕಡೆ ಒಳಗಿನ ತಂತಿ ಕೆಟ್ಟಿರಬೇಕು. ಕಾರ್ಡಿನ ಜೊತೆ ತರಿಸಿದ್ದ ಇನ್ನೊಂದು ಕೇಬಲ್ ಬೀರುವಿನಲ್ಲಿತ್ತು. ಸರ್ವರ್ ಆರಿಸಿದೆ, ಕೇಬಲ್ ಬದಲಿಸಿದೆ, ಮೊದಲು ಪೆಟ್ಟಿಗೆ ಹಚ್ಚಿ ಡಿಸ್ಕುಗಳೆಲ್ಲ ತಿರುಗಿ ಸಿದ್ಧವಾಗುವವರೆಗೆ ಕಾದು, ಆಮೇಲೆ ಸರ್ವರ್. ಈ ಕ್ರಮವನ್ನು ಹುಡುಗಿಯ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ರ‍್ಯಾಕಿಗೆ ಅಂಟಿಸಿದ್ದೇನೆ: ಹಚ್ಚುವಾಗ ಪೆಟ್ಟಿಗೆ ಮೊದಲು, ಆರಿಸುವಾಗ ಸರ್ವರ್ ಮೊದಲು.

ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ... ಡಿಸ್ಕುಗಳ ಹೆಸರು ಪರದೆಯ ಮೇಲೆ ಒಂದೊಂದಾಗಿ ಇಳಿದು ಬಂದವು. ಹುಡುಗಿ ಗಟ್ಟಿಯಾಗಿ ಎಣಿಸಿದಳು. ಪೂಲನ್ನು ಮೊದಲು ಓದುವುದಕ್ಕೆ ಮಾತ್ರ ಇಂಪೋರ್ಟ್ ಮಾಡಿದೆ, ಬರೆಯುವ ಅನುಮತಿ ಕೊಡಲಿಲ್ಲ.

ಮಾಸ್ತರರು ಊಟಕ್ಕೂ ಹೋಗದೆ ಕೂತಿದ್ದರು. ನವಲಗುಂದದ ಫೈಲ್ ಹಚ್ಚಿದೆ. "ಎರಡನೇ ನುಡಿಯಾಗ ಆಕಿ ಕೆಮ್ಮತಾಳ. ಅಲ್ಲಿತನಕ ಇರಲಿ" ಅಂದರು. ಕೆಮ್ಮು ಬಂತು. "ಹಾಂ, ಆಕಿನ" ಎಂದು ಕೊಡೆ ತೆಗೆದುಕೊಂಡು ಎದ್ದರು. ಲೇಖನಕ್ಕೆ ಬೇಕಾದ್ದನ್ನು ಕೇಳಲೇ ಇಲ್ಲ.

ಈಗ ರಾತ್ರಿ. ಸ್ಕ್ರಬ್ ಓಡುತ್ತಿದೆ, ಪ್ರತಿ ಬ್ಲಾಕನ್ನೂ ಓದಿ ಚೆಕ್‌ಸಮ್ ತಾಳೆ ನೋಡುತ್ತಿದೆ. ಏಳನೆಯ ಡಿಸ್ಕಿನ ಮುಂದೆ ದೋಷ ಎಣಿಸುವ ಕಾಲಂ ಸೊನ್ನೆಯಾಗಿ ಉಳಿದಿಲ್ಲ. ರೇಡ್‌ಜೆಡ್2 ಇದೆ, ಎರಡು ಡಿಸ್ಕು ಹೋದರೂ ತಡೆಯುತ್ತದೆ, ಅದರ ಚಿಂತೆ ಅಷ್ಟಿಲ್ಲ. ಆದರೆ ಅದು ಡಿಸ್ಕು ಹೋದರೆ ತಡೆಯುವುದು. ಚಾವಣಿಯ ನೀರು ಪೆಟ್ಟಿಗೆಯ ಮೇಲೆಯೇ ಇಳಿದರೆ? ಇನ್ನೊಂದು ಪ್ರತಿ ಇದೆ, ಕಳೆದ ವರ್ಷದ್ದು, ಇದೇ ಕಟ್ಟಡದಲ್ಲಿ, ಇದೇ ಚಾವಣಿಯ ಕೆಳಗೆ. ಎಲ್‌ಟಿಒ-9 ಎಂಬ ಡೇಟಾ ಟೇಪ್ ಒಂದರಲ್ಲಿ 18 ಟಿಬಿ ಹಿಡಿಯುತ್ತದೆ, ನಮ್ಮ ಧ್ವನಿಮುದ್ರಣವಷ್ಟೂ ಅದರಲ್ಲಿ ಕೂಡುತ್ತದೆ, ಡ್ರೈವಿನ ಬೆಲೆಯೇ ದೊಡ್ಡದು. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಡ್ರೈವ್ ಇದ್ದರೆ ಟೇಪ್ ನಾವು ಕೊಂಡು, ಬರೆಸಿ, ಅಲ್ಲೇ ಇಡಲು ಕೇಳಬಹುದು. ಪತ್ರ ನಾಳೆಯೇ ಬರೆಯಬೇಕು. ಯಾರ ಹೆಸರಿಗೆ ಬರೆಯುವುದೋ.