ಅಕ್ಷರದ ಆಟ: ಕೋಡ್ ಎಲ್ಲಿ ಎಡವುತ್ತದೆ

ಎಂ.ಟೆಕ್ ಅಥವಾ ಪಿಎಚ್.ಡಿ.ಗಾಗಿ ಕನ್ನಡ ಓದು ಕಲಿಸುವ ಆಟ ಕಟ್ಟಲು ಹೊರಟವರು ಸಾಮಾನ್ಯವಾಗಿ ಪಾತ್ರಗಳ ಚಿತ್ರ, ಬಹುಮಾನದ ನಕ್ಷತ್ರ, ಹಿನ್ನೆಲೆ ಸಂಗೀತದಿಂದ ಶುರು ಮಾಡುತ್ತಾರೆ. ಅವೆಲ್ಲ ಆಮೇಲೂ ಆಗುವ ಕೆಲಸ. ಪ್ರೋಗ್ರಾಂ ಯಾವುದನ್ನು ಒಂದು ಅಕ್ಷರ ಎಂದು ಎಣಿಸುತ್ತದೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಇದು ತಪ್ಪಿದರೆ ಆಟವೂ ಕೆಡುತ್ತದೆ, ಪ್ರಬಂಧದ ದತ್ತಾಂಶವೂ ಕೆಡುತ್ತದೆ.

‘ಕನ್ನಡ’ ಪದವನ್ನೇ ನೋಡಿ. ಒಂದನೇ ತರಗತಿಯ ಮಗುವಿಗೆ ಇದರಲ್ಲಿ ಮೂರು ಅಕ್ಷರ: ಕ, ನ್ನ, ಡ. ಜಾವಾಸ್ಕ್ರಿಪ್ಟ್‌ನಲ್ಲಿ ಪದದ ಉದ್ದ ಕೇಳಿದರೆ 5 ಬರುತ್ತದೆ, ಏಕೆಂದರೆ ಅದು ನ, ಹಲಂತ ಚಿಹ್ನೆ, ಮತ್ತೆ ನ ಎಂದು ಬಿಡಿಬಿಡಿಯಾಗಿ ಎಣಿಸುತ್ತದೆ. ಹಾಗಾದರೆ ಯೂನಿಕೋಡ್‌ನ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಮಾನದಂಡ) ಗ್ರಾಫೀಮ್ ಕ್ಲಸ್ಟರ್ ನಿಯಮ, ಅಂದರೆ ಓದುಗನಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳನ್ನು ಒಟ್ಟು ಮಾಡುವ ನಿಯಮ ಬಳಸೋಣ ಎಂದರೆ ಉತ್ತರ 4: ಕ, ನ್, ನ, ಡ. 2023ರ ಯೂನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಹೊಸ ನಿಯಮ ಸೇರಿತು. ಆದರೆ ಅದು ಅನ್ವಯವಾಗುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಿಂದಿಯಲ್ಲಿ ಸರಿಯಾಗಿ ಓಡಿದ ಕೋಡ್ ಕನ್ನಡದಲ್ಲಿ ಕೈಕೊಡುವುದು ಹೀಗೆ. ‘ಸ್ತ್ರೀ’ ಒಂದೇ ಅಕ್ಷರ. ಉದ್ದ ಕೇಳಿದರೆ 6, ಗ್ರಾಫೀಮ್ ಎಣಿಸಿದರೆ 3.

ಆದ್ದರಿಂದ ಒಡೆಯುವ ನಿಯಮವನ್ನು ನೀವೇ ಬರೆಯಿರಿ, ಹತ್ತು ಸಾಲೂ ಆಗುವುದಿಲ್ಲ. ವ್ಯಂಜನ ಮತ್ತು ಹಲಂತದ ಜೋಡಿ ಎಷ್ಟಾದರೂ ಇರಬಹುದು, ಆಮೇಲೆ ಒಂದು ವ್ಯಂಜನ, ಅದರ ಮೇಲೆ ಐಚ್ಛಿಕವಾಗಿ ಒಂದು ಸ್ವರಚಿಹ್ನೆ ಅಥವಾ ಕೊನೆಯ ಹಲಂತ, ಕೊನೆಗೆ ಅನುಸ್ವಾರ ಅಥವಾ ವಿಸರ್ಗ. ಒಂಟಿ ಸ್ವರಕ್ಕೆ ಬೇರೆ ಸಾಲು. ‘ಬಸ್’, ‘ಕಾಲೇಜ್’ ಥರದ ಪದಗಳಿಗಾಗಿ ಆ ಕೊನೆಯ ಹಲಂತ ಬೇಕೇ ಬೇಕು.

ಅಕ್ಷರಗಳು ಕೂಡಬೇಕೋ ಬೇಡವೋ ಎಂದು ಹೇಳುವ, ಕಣ್ಣಿಗೆ ಕಾಣದ ಎರಡು ಸಂಕೇತಗಳು ಇಲ್ಲಿ ಕಾಟ ಕೊಡುತ್ತವೆ, ಎರಡಕ್ಕೂ ಒಂದೇ ಮದ್ದು ಹಾಕಬಾರದು. ಜೀರೋ ವಿಡ್ತ್ ಜಾಯ್ನರ್ ಇದ್ದರೆ ‘ಸೂರ್ಯ’ ಪದ ‘ಸೂರ‍್ಯ’ ಎಂದು ಅರ್ಕಾವತ್ತು ಇಲ್ಲದೆ ಕಾಣುತ್ತದೆ. ಉತ್ತರ ಹೋಲಿಸುವ ಮೊದಲು ಇದನ್ನು ಕಿತ್ತುಹಾಕಿ, ಇಲ್ಲವಾದರೆ ಸರಿ ಬರೆದ ಮಗುವಿಗೂ ಕೆಂಪು ಗುರುತು ಬೀಳುತ್ತದೆ. ನಾನ್ ಜಾಯ್ನರ್ ಇರುವುದು ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ. ಅದನ್ನೂ ಕಿತ್ತರೆ ‘ಸಾಫ್ಟ್ವೇರ್’ ಆಗಿ ವ ಒತ್ತಕ್ಷರವಾಗುತ್ತದೆ. ಅದನ್ನು ಅಕ್ಷರ ಒಡೆಯುವ ಜಾಗವೆಂದೇ ಇಟ್ಟುಕೊಳ್ಳಿ. ಜೊತೆಗೆ ಪದಪಟ್ಟಿಯನ್ನೂ ಮಗುವಿನ ಉತ್ತರವನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡು ಸಂಕೇತಗಳನ್ನು ಕೂಡಿಸಿ ಒಂದೇ ಮಾಡುವ ಯೂನಿಕೋಡ್ ರೂಪ) ತನ್ನಿ. ‘ಕೊ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಎರಡು ತುಂಡುಗಳಾಗಿಯೂ ಬರಬಹುದು. ಪರದೆಯಲ್ಲಿ ವ್ಯತ್ಯಾಸ ಕಾಣದು, ಹೋಲಿಕೆಯಲ್ಲಿ ಮಾತ್ರ ಸುಳ್ಳು ಎಂದು ಬರುತ್ತದೆ.

ಎಂಜಿನ್ ಆಯ್ಕೆ ಬೇಗ ಮುಗಿಸಬಹುದು. ಆಟ ಕಟ್ಟುವ ತಂತ್ರಾಂಶ ಗೊಡೊದ 3ನೇ ಆವೃತ್ತಿಯಲ್ಲಿ ಕನ್ನಡದ ಒತ್ತುಗಳು ಸರಿಯಾಗಿ ಕೂರುತ್ತಿರಲಿಲ್ಲ, 2023ರಲ್ಲಿ ಬಂದ ಗೊಡೊ 4 ಅಕ್ಷರರೂಪ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಬಳಸುವುದರಿಂದ ಕೂರುತ್ತವೆ. ಬ್ರೌಸರ್ ಆದರೆ ಚಿಂತೆಯೇ ಇಲ್ಲ. ಆದರೆ ಪದವನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವ ಅನಿಮೇಷನ್‌ಗೆ ನಿಮ್ಮದೇ ಒಡೆಯುವ ನಿಯಮ ಕೊಡಿ. ಕೊಡದಿದ್ದರೆ ‘ನ್ನ’ ಬರುವ ಮೊದಲು ‘ನ್’ ಒಂದು ಕ್ಷಣ ಮಿಂಚಿ ಹೋಗುತ್ತದೆ, ಮಗು ಅದನ್ನೂ ಓದುತ್ತದೆ.

ಅರ್ಕಾವತ್ತಿನದು ವಿನ್ಯಾಸದ ಸಮಸ್ಯೆ. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಪರದೆಯಲ್ಲಿ ಯ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಬಿಲ್ಲೆ ಎಳೆದು ಜೋಡಿಸುವ ಆಟದಲ್ಲಿ ಮಗು ಎರಡರಲ್ಲಿ ಯಾವ ಕ್ರಮ ಹಿಡಿದರೂ ಅದಕ್ಕೊಂದು ನ್ಯಾಯವಿದೆ. ಮೊದಲ ಹಂತಗಳಲ್ಲಿ ‘ರ್ಯ’ವನ್ನು ಇಡೀ ಬಿಲ್ಲೆಯಾಗಿ ಕೊಟ್ಟು, ಒತ್ತಕ್ಷರ ಕಟ್ಟುವ ಹಂತದಲ್ಲಿ ಉಚ್ಚಾರಣೆಯ ಕ್ರಮವನ್ನೇ ಸ್ವೀಕರಿಸುವುದು ನನಗೆ ಸರಿ ಕಾಣುತ್ತದೆ.

ಇನ್ನು ಆಯ್ಕೆಗಳು. ಪ್ರಶ್ನೆಯ ಗುಣಮಟ್ಟ ಇರುವುದು ಅದರ ತಪ್ಪು ಉತ್ತರಗಳಲ್ಲಿ. ‘ಪ’ ಎಲ್ಲಿದೆ ಎಂದು ಕೇಳಿ ಪಕ್ಕದಲ್ಲಿ ಜ, ಟ, ಈ ಇಟ್ಟರೆ ಮಗು ಆಕಾರದ ಅಂದಾಜಿನಲ್ಲೇ ಗೆಲ್ಲುತ್ತದೆ. ಷ, ಫ, ವ ಇಟ್ಟಾಗ ಮಾತ್ರ ನಿಜವಾಗಿ ಓದಬೇಕಾಗುತ್ತದೆ. ಕಣ್ಣಿನ ಗೊಂದಲದ ಗುಂಪುಗಳು (ಪ ಷ ಫ, ವ ಮ, ದ ಧ, ಡ ಢ) ಒಂದು ಕಡೆ, ಕಿವಿಯ ಗೊಂದಲದವು (ಲ ಳ, ನ ಣ, ಅ ಹ, ಸ ಶ ಷ) ಇನ್ನೊಂದು ಕಡೆ ಇರಲಿ. ಬೆರೆಸಿದರೆ ಮಗು ಎಡವಿದ್ದು ಕಣ್ಣಿನಲ್ಲೋ ಕಿವಿಯಲ್ಲೋ ಎಂದು ಲಾಗ್ (ಆಟ ಬರೆದಿಟ್ಟ ದಾಖಲೆ) ನೋಡಿ ಹೇಳಲಾಗದು. ಫೋನಿನ ಸಣ್ಣ ಸ್ಪೀಕರ್, ಗದ್ದಲದ ತರಗತಿ ಎರಡೂ ಸೇರಿದರೆ ಬ, ಭ ಒಂದೇ ಥರ ಕೇಳುತ್ತವೆ. ಕಿವಿಯ ಹಂತಕ್ಕೆ ಹೆಡ್‌ಫೋನ್ ಕೊಡಿ.

ಆಯ್ಕೆಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಕಾರ್ನೆಗಿ ಮೆಲನ್‌ನ ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದಲ್ಲಿ ರೂಪಿಸಿದ ಬೇಯ್ಸಿಯನ್ ನಾಲೆಡ್ಜ್ ಟ್ರೇಸಿಂಗ್ (ಮಗುವಿಗೆ ಒಂದು ಕೌಶಲ ಬಂದಿರುವ ಸಂಭವವನ್ನು ಅದರ ಉತ್ತರಗಳಿಂದ ಅಂದಾಜಿಸುವ ವಿಧಾನ) ಇಂಥ ಆಟಕ್ಕೆ ಇಂದಿಗೂ ಸಾಕು. ಅದಕ್ಕೆ ನಾಲ್ಕೇ ಅಂಕಿ ಬೇಕು. ಮೊದಲೇ ಗೊತ್ತಿರುವ ಸಂಭವ 0.3, ಪ್ರತಿ ಪ್ರಶ್ನೆಗೆ ಕಲಿಯುವ ಸಂಭವ 0.1, ಗೊತ್ತಿದ್ದೂ ತಪ್ಪುವುದು 0.1, ಊಹಿಸಿ ಗೆಲ್ಲುವುದು ನಾಲ್ಕು ಆಯ್ಕೆಗಳಿದ್ದರೆ 0.25 ಎಂದಿಟ್ಟುಕೊಳ್ಳಿ. ಮೊದಲ ಸರಿ ಉತ್ತರಕ್ಕೆ ಅಂದಾಜು 0.65ಕ್ಕೆ, ಎರಡನೆಯದಕ್ಕೆ 0.88ಕ್ಕೆ, ಮೂರನೆಯದಕ್ಕೆ 0.97ಕ್ಕೆ ಏರುತ್ತದೆ. ಕಲಿತಾಯಿತು ಎನ್ನಲು 0.95ರ ಗೆರೆ ಹಾಕಿದರೆ, ಅದನ್ನು ದಾಟಲು ಸತತ ಮೂರು ಸರಿ ಉತ್ತರ ಸಾಕು. ಎರಡೇ ಆಯ್ಕೆ ಕೊಟ್ಟು ಊಹೆಯ ಅಂಕಿ 0.5 ಮಾಡಿದರೆ ಸತತ ಆರು ಬೇಕು. ಪರದೆ ಚಿಕ್ಕದೆಂದು ಆಯ್ಕೆ ಇಳಿಸುವವರು ಈ ಬೆಲೆ ತೆರುತ್ತಾರೆ, ಮಗುವಿಗೆ ಬೇಸರವೂ ಬರುತ್ತದೆ.

ಯಾವುದನ್ನು ಒಂದು ಕೌಶಲವೆಂದು ಅಳೆಯುವುದು? 34 ವ್ಯಂಜನ, 13 ಸ್ವರ ಅಂದರೆ ಕಾಗುಣಿತದಲ್ಲೇ 442 ರೂಪ. ಪ್ರತಿಯೊಂದನ್ನೂ ಬೇರೆ ಕೌಶಲ ಮಾಡಿದರೆ ಯಾವ ಮಗುವಿನಿಂದಲೂ ಸಾಕಷ್ಟು ದತ್ತಾಂಶ ಸಿಗದು. ವ್ಯಂಜನ 34, ಸ್ವರಚಿಹ್ನೆ 12 ಎಂದು ಬಿಡಿಸಿದರೆ 46ಕ್ಕೆ ಇಳಿಯುತ್ತದೆ. ಆದರೆ ಮೊ, ಯೊ ಥರದ ಅಡ್ಡಾದಿಡ್ಡಿ ರೂಪಗಳನ್ನು ಪ್ರತ್ಯೇಕ ಇಡಬೇಕು. ಒತ್ತುಗಳಲ್ಲೂ ಹಾಗೆಯೇ: ಹೆಚ್ಚಿನವು ಮೂಲಾಕ್ಷರವನ್ನೇ ಹೋಲುತ್ತವೆ, ತ, ನ, ಮ, ಯ, ರ, ಲ ಒತ್ತುಗಳು ಹೋಲುವುದಿಲ್ಲ, ಅವನ್ನು ಹೊಸದಾಗಿಯೇ ಕಲಿಯಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರ ಕಲಿಕೆ ಮೊದಲ ಕೆಲವು ತರಗತಿಗಳಾಚೆಗೂ ಸಾಗುತ್ತದೆ. ಆರು ವಾರದ ಪ್ರಯೋಗದಲ್ಲಿ ಇಡೀ ವರ್ಣಮಾಲೆ ಕಲಿಸುತ್ತೇವೆ ಎಂದು ಸಿನಾಪ್ಸಿಸ್‌ನಲ್ಲಿ ಬರೆಯಬೇಡಿ. ಹತ್ತೋ ಹನ್ನೆರಡೋ ಒತ್ತಕ್ಷರ ಆರಿಸಿಕೊಂಡರೆ ತೋರಿಸಲು ಏನಾದರೂ ಇರುತ್ತದೆ.

ಲಾಗ್‌ನಲ್ಲಿ ಸರಿ, ತಪ್ಪು ಮಾತ್ರ ಬರೆದಿಟ್ಟರೆ ಆಮೇಲೆ ಪೇಚಾಡಬೇಕಾಗುತ್ತದೆ. ಕೇಳಿದ ಅಕ್ಷರ, ತೋರಿಸಿದ ಎಲ್ಲ ಆಯ್ಕೆಗಳು, ಅವುಗಳ ಜಾಗ, ಮುಟ್ಟಿದ್ದು, ಧ್ವನಿ ಮುಗಿದ ಕ್ಷಣದಿಂದ ಎಷ್ಟು ಮಿಲಿಸೆಕೆಂಡ್ ಎಂಬುದೂ ಇರಲಿ. ಧ್ವನಿ ಮುಗಿಯುವ ಮೊದಲೇ ಮುಟ್ಟಿದ ಉತ್ತರಗಳು ಬಹುಪಾಲು ಊಹೆ. ಕೆಲವು ಮಕ್ಕಳು ಸದಾ ಒಂದೇ ಮೂಲೆ ಮುಟ್ಟುತ್ತಾರೆ, ಜಾಗ ಬರೆದಿಡದಿದ್ದರೆ ಅದು ಕಲಿಕೆಯಂತೆ ಕಂಡೀತು. ಶಾಲೆಯಲ್ಲಿ ನೆಟ್ ಇರುತ್ತದೆಂದು ನಂಬದೆ ಮೊದಲು ಫೋನಿನಲ್ಲೇ ಉಳಿಸಿ, ಸಂಪರ್ಕ ಸಿಕ್ಕಾಗ ಕಳಿಸಿ. ಹೆಸರಿನ ಬದಲು ಸಂಖ್ಯೆ ಬಳಸಿ. ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ.

ಕೊನೆಯ ಪರೀಕ್ಷೆ ಆಟದೊಳಗೆ ಬೇಡ, ಕಾಗದದ ಮೇಲೆ ಮಾಡಿ. ಆಟದಲ್ಲಿ ಬಾರದ ಪದಗಳನ್ನೂ ಅದೇ ಒತ್ತಕ್ಷರಗಳಿಂದ ಕಟ್ಟಿದ ಅರ್ಥವಿಲ್ಲದ ಪದಗಳನ್ನೂ ಓದಿಸಿ. ಹೋಲಿಕೆಯ ಗುಂಪಿಗೂ ಅಷ್ಟೇ ನಿಮಿಷ ಬೇರೊಂದು ಆಟ ಕೊಡಿ. ಕೊಡದೆ ಬಿಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆ ಅದರ ಬಗ್ಗೆಯೇ ಬರುತ್ತದೆ.