ಡೂಲಾಖ್ ಕಣಿವೆಗೆ ಹೋಗುವವರು ಪ್ಯಾಕೇಜ್ ವ್ಯಾನ್ ಹತ್ತಬೇಡಿ

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ, 1840ರ ದಶಕದಲ್ಲಿ ಆಲೂಗೆಡ್ಡೆ ಬೆಳೆ ಹಾಳಾಗಿ ಬಂದ ಮಹಾ ಬರಗಾಲದ ಜಾಗಗಳನ್ನು ನೋಡುವ ಮನಸ್ಸಿದ್ದರೆ ಸ್ವಂತ ಗಾಡಿಯಲ್ಲೇ ಹೋಗಿ. ವೆಸ್ಟ್‌ಪೋರ್ಟ್‌ನಲ್ಲಿ ನಮಗೆ ಸಿಕ್ಕ ವ್ಯಾನಿನವನು ದುಬಾರಿ ದುಡ್ಡು ಇಸಿದುಕೊಂಡು, ಡೂಲಾಖ್‌ನ ಕಲ್ಲಿನ ಶಿಲುಬೆಯ ಹತ್ತಿರ ನಿಲ್ಲಿಸಿದ್ದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ಉಳಿದದ್ದೆಲ್ಲ ಉಣ್ಣೆ ಸ್ವೆಟರ್ ಅಂಗಡಿಗಳ ದರ್ಶನ. ಸಿಟ್ಟು ಬಂದು ಮರುದಿನ ಕಾರು ಬಾಡಿಗೆಗೆ ತೆಗೆದುಕೊಂಡು ಮತ್ತೆ ಹೋದೆವು.

ಲೂಯಿಸ್‌ಬರ್ಗ್‌ನಿಂದ ಡೆಲ್ಫಿವರೆಗಿನ ಆ ರಸ್ತೆಯಲ್ಲಿ ಅಲ್ಲಲ್ಲಿ ಇಳಿದು ನಡೆಯಬೇಕು. 1849ರ ಮಾರ್ಚ್ ಕೊನೆಗೆ, ಪರಿಹಾರ ಬೇಕಾದವರು ಡೆಲ್ಫಿ ಲಾಡ್ಜ್ ಎಂಬ ಬೇಟೆ ಬಂಗಲೆಗೆ ಬಂದು ಅಧಿಕಾರಿಗಳ ಮುಂದೆ ಹಾಜರಾಗಬೇಕು ಎಂದರಂತೆ. ಹಸಿದ ನೂರಾರು ಜನ ಚಳಿಯಲ್ಲಿ ಸುಮಾರು 19 ಕಿ.ಮೀ. ನಡೆದು ಹೋಗಿ ಬರಿಗೈಲಿ ಮರಳಿದರು. ಆಗ ಪತ್ರಿಕೆಯಲ್ಲಿ ಬಂದ ಪತ್ರವೊಂದು ರಸ್ತೆ ಬದಿಯಲ್ಲಿ ಏಳು ಹೆಣ ಸಿಕ್ಕವು ಎನ್ನುತ್ತದೆ. ಊರಿನವರ ಬಾಯಲ್ಲಿ ಸತ್ತವರು ನೂರಾರು. ಸಾಹೇಬರು ಊಟಕ್ಕೆ ಕೂತು ಇವರನ್ನು ಕಾಯಿಸಿದರು, ಬರುವಾಗ ಬಿರುಗಾಳಿ ಇವರನ್ನು ಡೂಲಾಖ್ ಸರೋವರಕ್ಕೆ ದೂಡಿತು ಅನ್ನುತ್ತಾರೆ. ಲೆಕ್ಕ ಹೊಂದದಿದ್ದರೂ ನನಗೆ ಊರಿನವರ ಕಥೆಯೇ ಹೆಚ್ಚು ತಟ್ಟಿತು. ಇನ್ನೊಬ್ಬರ ಅವಮಾನದಿಂದ ತನಗೆ ಗೌರವ ಬಂತೆಂದು ಮನುಷ್ಯ ಹೇಗೆ ತಿಳಿದಾನು ಎಂಬರ್ಥದ ಗಾಂಧೀಜಿಯ ಮಾತು ಅಲ್ಲಿನ ಸ್ಮಾರಕದ ಮೇಲೆ ಇರುವುದನ್ನು ಕಂಡು ಸುಮ್ಮನೆ ನಿಂತುಬಿಟ್ಟೆ. ಆ ಬರಗಾಲದಲ್ಲಿ ನಮ್ಮ ಕಲ್ಕತ್ತೆಯಿಂದಲೂ ಸುಮಾರು 14,000 ಪೌಂಡ್ ಚಂದಾ ಐರ್ಲೆಂಡಿನವರಿಗೆ ಹೋಗಿತ್ತು.

ಊಟಕ್ಕೆ ಲೂಯಿಸ್‌ಬರ್ಗ್‌ನ ಸಣ್ಣ ಹೋಟೆಲುಗಳೇ ಸಾಕು. ನಮ್ಮಂಥ ಸಸ್ಯಾಹಾರಿಗಳಿಗೆ ತರಕಾರಿ ಸೂಪು, ದಪ್ಪ ಕಂದು ಬ್ರೆಡ್ಡು, ಕೇಳಿದಷ್ಟು ಬೆಣ್ಣೆ. ಹೊಟ್ಟೆ ತುಂಬಿ ಮೇಲೆ ಟೀ. ಬಡಿಸುತ್ತಿದ್ದ ಅಜ್ಜಿ, ಗುಡ್ಡ ಹತ್ತುವುದಾದರೆ ಜೇಬಿಗೊಂದು ಬ್ರೆಡ್ ಚೂರು ಹಾಕಿಕೊಳ್ಳಿ ಎಂದರು. ಬರದಲ್ಲಿ ಯಾರೋ ಸತ್ತುಬಿದ್ದ ಜಾಗದ ಹುಲ್ಲು ತುಳಿದರೆ ತಡೆಯಲಾರದ ಹಸಿವು ಹಿಡಿಯುತ್ತದೆಂಬ ನಂಬಿಕೆ. ತಮ್ಮ ಅಜ್ಜಿಯೂ ಹಾಗೆಯೇ ಕೊಟ್ಟು ಕಳಿಸುತ್ತಿದ್ದರಂತೆ. ಬೇಡವೆನ್ನಲು ಬಾಯಿ ಬರಲಿಲ್ಲ, ಕಟ್ಟಿಸಿಕೊಂಡೆವು. ಇಂಥವರ ಜೊತೆ ಮಾತಾಡಲು ಸಮಯ ಇಟ್ಟುಕೊಳ್ಳಿ, ಅದನ್ನು ಯಾವ ವ್ಯಾನೂ ತೋರಿಸುವುದಿಲ್ಲ.

ಸಂಜೆಯ ಓರೆ ಬಿಸಿಲಿದ್ದರೆ ಗುಡ್ಡದ ಮೈಮೇಲೆ ಹಳೆಯ ಆಲೂಗೆಡ್ಡೆ ಪಾತಿಗಳ ಗೆರೆ ಎದ್ದು ಕಾಣುತ್ತದೆ. ವೆಸ್ಟ್‌ಪೋರ್ಟ್ ಹತ್ತಿರದ ಮುರಿಸ್ಕ್‌ನಲ್ಲಿ ಹಡಗಿನ ಆಕಾರದ ಬರಗಾಲ ಸ್ಮಾರಕವನ್ನೂ ನೋಡಿ. ಜುಲೈ ಕೊನೆಯ ಭಾನುವಾರ ಮಾತ್ರ ಬೇಡ, ಎದುರಿನ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುವ ಯಾತ್ರಿಕರಿಂದ ರಸ್ತೆಯಲ್ಲಿ ಜಾಗವಿರುವುದಿಲ್ಲ. ನನಗಂತೂ ಜನಜಂಗುಳಿ ಆಗದು. ವೆಸ್ಟ್‌ಪೋರ್ಟ್‌ನಲ್ಲಿ ಶನಿವಾರ ರಾತ್ರಿ ರೂಮು ವಿಪರೀತ ದುಬಾರಿ, ಮೇಲಾಗಿ ಗಲಾಟೆ. ವಾರದ ನಡುವೆ ಹೋಗಿ. ಪೆಟ್ರೋಲನ್ನು ಅಲ್ಲೇ ತುಂಬಿಸಿಕೊಳ್ಳಿ, ರೇನ್‌ಕೋಟ್ ಮರೆಯಬೇಡಿ.